ನಾಲ್ಕು ತಾಲ್ಲೂಕು, ಎರಡು ಪೋಲೊ

ಸಣ್ಣ ಕಾರಿಗೆ ದೊಡ್ಡ ಗುಂಡಿಗೆ ಕೊಡಿಸುವ ಹುಚ್ಚು ನಮ್ಮ ವಯಸ್ಸಿನ ಬಹಳ ಜನರಿಗೆ ಇದೆ. ಅದರಲ್ಲೂ ಟರ್ಬೊ ಇರುವ ಹ್ಯಾಚ್‌ಬ್ಯಾಕ್ ಇದ್ದರಂತೂ ಕೇಳುವುದೇ ಬೇಡ. ಕಾರು ಮನೆಗೆ ಬಂದ ದಿನದಿಂದಲೇ ‘ಇನ್ನೂ ಎಷ್ಟು ತೆಗೆಯಬಹುದು’ ಎಂಬ ಲೆಕ್ಕ ಶುರುವಾಗುತ್ತದೆ. ನನ್ನ ಬಳಿ ಇರುವುದು ಫೋಕ್ಸ್‌ವ್ಯಾಗನ್ ಪೋಲೊ, 1.0 ಟಿಎಸ್‌ಐ. ಪುಣೆ ಹತ್ತಿರದ ಚಾಕಣ್‌ನಲ್ಲಿ ತಯಾರಾಗುತ್ತಿದ್ದ ಈ ಕಾರು 2010ರಲ್ಲಿ ಭಾರತಕ್ಕೆ ಬಂತು. ಟರ್ಬೊ ಪೆಟ್ರೋಲ್ ಇರುವ ಜಿಟಿ ಟಿಎಸ್‌ಐ ಬಂದದ್ದು 2013ರಲ್ಲಿ. ಆಗ ಅದು 1.2 ಲೀಟರ್, ನಾಲ್ಕು ಸಿಲಿಂಡರ್. 2020ರಲ್ಲಿ ಬಿಎಸ್-6 ನಿಯಮದ ಜೊತೆ ಮೂರು ಸಿಲಿಂಡರಿನ 1.0 ಲೀಟರ್ ಎಂಜಿನ್ ಬಂತು. 2022ರಲ್ಲಿ ಪೋಲೊ ತಯಾರಿಕೆಯೇ ನಿಂತುಹೋಯಿತು. ನಿಂತ ಮೇಲೆ ಅದರ ಮೇಲಿನ ಪ್ರೀತಿ ಇನ್ನೂ ಜಾಸ್ತಿಯಾಗಿದೆ ಅನ್ನಿಸುತ್ತದೆ.

ಒಂದು ಲೀಟರಿನ ಎಂಜಿನ್ ಅಂದರೆ ನಮ್ಮ ಅಮ್ಮನ ಹಾಲಿನ ಪಾತ್ರೆಯಷ್ಟು ಜಾಗ. ಅದರಿಂದ 110 ಅಶ್ವಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ ಬರುತ್ತದೆ ಅಂದರೆ ಅದಕ್ಕೆ ಕಾರಣ ಟರ್ಬೊ. ಕಮ್ಮಾರನ ಕುಲುಮೆ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ತಿದಿ ಒತ್ತಿದಷ್ಟೂ ಗಾಳಿ, ಗಾಳಿ ಹೋದಷ್ಟೂ ಬೆಂಕಿ. ಟರ್ಬೊ ಎನ್ನುವುದು ಎಂಜಿನ್ನಿನ ತಿದಿ. ಅದನ್ನು ಒತ್ತುವುದಕ್ಕೆ ಬೇರೆ ಆಳು ಬೇಕಿಲ್ಲ. ಸೈಲೆನ್ಸರ್ ಕಡೆಗೆ ಹೊರಟ ಹೊಗೆಯೇ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಎಳೆದು ಒತ್ತಿ ಸಿಲಿಂಡರ್‌ಗೆ ತುಂಬುತ್ತದೆ. ಇಂಥ ಸಣ್ಣ ಟರ್ಬೊಗಳು ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗಬಲ್ಲವು. ಸ್ವಿಟ್ಜರ್ಲೆಂಡಿನ ಆಲ್‌ಫ್ರೆಡ್ ಬ್ಯೂಶಿ ಎಂಬ ಎಂಜಿನಿಯರ್ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ.

ತಿದಿ ಎಷ್ಟು ಒತ್ತಬೇಕು, ಪೆಟ್ರೋಲ್ ಎಷ್ಟು ಚಿಮುಕಿಸಬೇಕು, ಕಿಡಿ ಯಾವ ಕ್ಷಣಕ್ಕೆ ಹಾರಬೇಕು ಅಂತ ನಿರ್ಧರಿಸುವುದು ಇಸಿಯು ಎಂಬ ಕಂಪ್ಯೂಟರ್. ಅದರೊಳಗೆ ಇರುವುದು ದೊಡ್ಡ ದೊಡ್ಡ ಕೋಷ್ಟಕಗಳು. ಆ ಅಂಕಿಗಳನ್ನು ಬದಲಿಸುವುದಕ್ಕೆ ರಿಮ್ಯಾಪ್ ಅಂತಾರೆ. ಬರೀ ಸಾಫ್ಟ್‌ವೇರ್ ಬದಲಿಸಿದರೆ ಸ್ಟೇಜ್ ಒಂದು. ಹೊಗೆ ಹೋಗುವ ಕೊಳವೆ, ಗಾಳಿ ಬರುವ ದಾರಿ ಇವನ್ನೂ ಬದಲಿಸಿದರೆ ಸ್ಟೇಜ್ ಎರಡು. ಟರ್ಬೊವನ್ನೇ ಬಿಚ್ಚಿ ದೊಡ್ಡದು ಕೂರಿಸಿದರೆ ಸ್ಟೇಜ್ ಮೂರು. ನನ್ನ ಕಾರಿನಂಥದ್ದಕ್ಕೆ ಸ್ಟೇಜ್ ಒಂದರಲ್ಲೇ 130ರಿಂದ 140 ಅಶ್ವಶಕ್ತಿ ಬರುತ್ತದೆ ಅಂತ ಟ್ಯೂನರ್‌ಗಳು ಸಾಮಾನ್ಯವಾಗಿ ಹೇಳುತ್ತಾರೆ. ಒಂದು ಬೋಲ್ಟೂ ಬಿಚ್ಚದೆ, ಸ್ಟಿಯರಿಂಗ್ ಕೆಳಗಿನ ಪೋರ್ಟ್‌ಗೆ ವೈರ್ ಚುಚ್ಚಿ, ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕೆಲಸ ಆಗಿಬಿಡುತ್ತದೆ. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಆಸೆ ಬೇರೆ ಇಲ್ಲ.

ಗೆಳೆಯನೊಬ್ಬನ ಬಳಿಯೂ ಇದೇ ಪೋಲೊ, ಇದೇ ಎಂಜಿನ್, ಇದೇ ಆರು ಗೇರಿನ ಮ್ಯಾನ್ಯುಯಲ್. ಅವನು ವಾರಂಟಿ ಮುಗಿದ ಮೇಲೆ ಸ್ಟೇಜ್ ಒಂದು ಮಾಡಿಸಿಕೊಂಡಿದ್ದಾನೆ, ಸ್ಟೇಜ್ ಎರಡಕ್ಕೆ ದುಡ್ಡು ಕೂಡಿಸುತ್ತಿದ್ದಾನೆ. ನನ್ನ ಕಾರು ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ. ಕಾರಿಗಾಗಿಯೇ ಎತ್ತಿಟ್ಟ 60 ಸಾವಿರ ರೂಪಾಯಿ ನನ್ನ ಬಳಿ ಇತ್ತು. ಅದನ್ನು ಹೇಗೆ ಖರ್ಚು ಮಾಡಬೇಕು ಅನ್ನುವುದು ಪ್ರಶ್ನೆ. ಡೈನೊ ಎಂಬ ಉರುಳೆಯ ಮೇಲೆ ಕಾರು ಓಡಿಸಿದರೆ ಒಂದು ಚಂದದ ಗ್ರಾಫ್ ಸಿಗುತ್ತದೆ, ಸರಿ. ಆದರೆ ನಾನು ಕಾರು ಓಡಿಸುವುದು ಉರುಳೆಯ ಮೇಲಲ್ಲ. ನನ್ನ ಅಪ್ಪ ಅಮ್ಮ ಇರುವುದು ಶ್ರೀನಿವಾಸಪುರದ ಪಕ್ಕದ ಹಳ್ಳಿಯಲ್ಲಿ. ತಿಂಗಳಿಗೆ ಎರಡು ಸಲ ಬೆಂಗಳೂರಿನಿಂದ ಅಲ್ಲಿಗೆ ಹೋಗಿ ಬರುತ್ತೇನೆ. ಹಾಗಾಗಿ ಪರೀಕ್ಷೆ ನಮ್ಮ ಜಿಲ್ಲೆಯ ರಸ್ತೆಯಲ್ಲೇ ಆಗಲಿ ಅಂದುಕೊಂಡೆವು. ಮಾವಿನ ಸುಗ್ಗಿಯ ಒಂದು ಶನಿವಾರ, ಎರಡೂ ಕಾರಿನ ಟಯರಿಗೆ ಒಂದೇ ಗಾಳಿ, ಒಂದೇ ಬಂಕಿನ ಪೆಟ್ರೋಲ್, ಒಂದೇ ದಾರಿ: ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ. ನಡುನಡುವೆ ಕಾರು ಅದಲುಬದಲು. ಎಲ್ಲಿ ಎಷ್ಟು ವೇಗದ ಮಿತಿಯೋ ಅದರೊಳಗೇ ಇರಬೇಕು ಅನ್ನುವುದು ಒಪ್ಪಂದ.

ಮಾಲೂರು: ಬಿಸಿ ಗಾಳಿ

ಹೊಸಕೋಟೆ ಬಳಿ ಚೆನ್ನೈ ಎಕ್ಸ್‌ಪ್ರೆಸ್‌ವೇ ಹತ್ತಿದೆವು. ಒಟ್ಟು 262 ಕಿಲೋಮೀಟರಿನ ಈ ರಸ್ತೆಯ ಕರ್ನಾಟಕದ ಭಾಗ ಸುಮಾರು 70 ಕಿಲೋಮೀಟರ್. ಮಾಲೂರು, ಬಂಗಾರಪೇಟೆ ದಾಟಿ ಬೇತಮಂಗಲದ ಕಡೆಗೆ ಹೋಗುತ್ತದೆ. 2024ರ ಕೊನೆಯಲ್ಲಿ ಜನರಿಗೆ ಬಿಟ್ಟರು. ಇಲ್ಲಿ ಕಾರಿಗೆ ಗಂಟೆಗೆ 120 ಕಿಲೋಮೀಟರ್ ಮಿತಿ. ಆರನೇ ಗೇರ್ ಹಾಕಿ ನೂರರಲ್ಲಿ ಹೋಗುತ್ತಿದ್ದರೆ ಎರಡೂ ಕಾರೂ ಅಕ್ಕ ತಂಗಿಯರಂತೆ. ಮುಂದಿನ ಕಾರು ಯಾವುದು, ಹಿಂದಿನದ್ಯಾವುದು ಅಂತ ಕಣ್ಣು ಮುಚ್ಚಿ ಕೂತವನಿಗೆ ಗೊತ್ತಾಗುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಒಂದೇ ವೇಗ ಕಾಯ್ದುಕೊಳ್ಳಲು ಎಂಜಿನ್ನಿನ ಶಕ್ತಿಯ ಸಣ್ಣ ಪಾಲು ಸಾಕು. ಉಳಿದದ್ದು ಬ್ಯಾಂಕಿನಲ್ಲಿಟ್ಟ ಠೇವಣಿ ಇದ್ದ ಹಾಗೆ.

ಮಾಲೂರಿಗೆ ಇಳಿದ ಮೇಲೆ ಕಥೆ ಬದಲಾಯಿತು. ಹಂಚು, ಇಟ್ಟಿಗೆ, ನೀಲಗಿರಿ ಮರ, ಈಚೆಗೆ ಗುಲಾಬಿ – ಮಾಲೂರು ಅಂದರೆ ಇವೇ. ಕಥೆಗಾರ ಮಾಸ್ತಿಯವರ ಊರು ಮಾಸ್ತಿ ಇರುವುದೂ ಇದೇ ತಾಲ್ಲೂಕಿನಲ್ಲಿ. ಇಟ್ಟಿಗೆ ತುಂಬಿದ ಲಾರಿಯ ಹಿಂದೆ, ಟ್ರ್ಯಾಕ್ಟರಿನ ಹಿಂದೆ, ಕಂಪನಿ ಬಸ್ಸಿನ ಹಿಂದೆ ಪೇಟೆಯಲ್ಲಿ ಇಪ್ಪತ್ತು ನಿಮಿಷ ತೆವಳಿದೆವು. ಇಬ್ಬರ ಕಾರಿನಲ್ಲೂ ಒಂದೊಂದು ಸಣ್ಣ ಸಾಧನ ಚುಚ್ಚಿ ಎಂಜಿನ್ನಿನ ವಿವರ ಮೊಬೈಲಿನಲ್ಲಿ ನೋಡುತ್ತಿದ್ದೆವು. ಎಂಜಿನ್ ಸೇರುವ ಗಾಳಿಯ ಬಿಸಿ ಐವತ್ತು ಡಿಗ್ರಿ ದಾಟಿತು.

ಇದು ಯಾಕೆ ಮುಖ್ಯ ಅಂದರೆ, ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುವುದು ನೆನಪಿದೆಯಲ್ಲ? ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಒತ್ತಿ ತುಂಬಿದ ಲಾಭ ಅಷ್ಟು ಕಡಿಮೆ. ಅದಕ್ಕೇ ಟರ್ಬೊ ಆದ ಮೇಲೆ ಇಂಟರ್‌ಕೂಲರ್ ಇಟ್ಟಿರುತ್ತಾರೆ. ನಮ್ಮ ಎಂಜಿನ್ನಿನಲ್ಲಿ ಅದು ನೀರಿನಿಂದ ತಂಪಾಗುವ ಸಣ್ಣ ಪೆಟ್ಟಿಗೆ, ಗಾಳಿ ಹಂಚುವ ಮ್ಯಾನಿಫೋಲ್ಡಿನೊಳಗೇ ಕೂತಿದೆ. ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಪೆಟ್ರೋಲ್ ತಾನಾಗಿ ಹೊತ್ತಿಕೊಂಡರೆ ಅದಕ್ಕೆ ನಾಕಿಂಗ್ ಅಂತಾರೆ. ಪಿಸ್ಟನ್ ಹಾಳಾಗಲು ಅದೇ ದಾರಿ. ಬಿಸಿ ಜಾಸ್ತಿಯಾದರೆ ಇಸಿಯು ಹೆದರಿ ಕಿಡಿಯನ್ನು ತಡವಾಗಿ ಹಾರಿಸುತ್ತದೆ, ಶಕ್ತಿ ಇಳಿಸುತ್ತದೆ. ಪೇಟೆ ಬಿಟ್ಟು ನರಸಾಪುರದ ರಸ್ತೆಗೆ ಬಿದ್ದಾಗ ಗೆಳೆಯನ ಕಾರಿನ ಆರ್ಭಟ ಎಲ್ಲಿ ಹೋಯಿತು ಅಂತ ಹುಡುಕುವ ಹಾಗಾಯಿತು. ಐದಾರು ಕಿಲೋಮೀಟರ್ ಓಡಿ ತಣ್ಣಗಾದ ಮೇಲೇ ಅದಕ್ಕೆ ಮತ್ತೆ ಜೀವ ಬಂದದ್ದು. ಗ್ರಾಫ್‌ನಲ್ಲಿ ಕಾಣುವ ಶಕ್ತಿ ಇರುವುದು ತಣ್ಣನೆಯ ಗಾಳಿಗೆ. ನಮ್ಮ ಬೇಸಿಗೆಯ ಮಾಲೂರಿಗೆ ಅದು ಅನ್ವಯಿಸುವುದಿಲ್ಲ.

ಇನ್ನೊಂದು ವಿಷಯ. ಇಟ್ಟಿಗೆ ಗೂಡುಗಳ ಮುಂದೆ ರಸ್ತೆ ಮೇಲೆ ಸಣ್ಣಗೆ ಕೆಮ್ಮಣ್ಣು ಹರಡಿರುತ್ತದೆ. ಎರಡನೇ ಗೇರಿನಲ್ಲಿ ಆಕ್ಸಿಲರೇಟರ್ ತುಸು ಜೋರಾಗಿ ಒತ್ತಿದರೆ ಗೆಳೆಯನ ಕಾರಿನ ಮುಂದಿನ ಚಕ್ರ ಜಾರುತ್ತಿತ್ತು, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಮಿನುಗುತ್ತಿತ್ತು. ಆ ದೀಪ ಮಿನುಗಿದರೆ ಕಂಪ್ಯೂಟರ್ ಶಕ್ತಿಯನ್ನು ಕತ್ತರಿಸುತ್ತಿದೆ ಅಂತ ಅರ್ಥ. ದುಡ್ಡು ಕೊಟ್ಟು ತಂದ ಅಶ್ವಗಳನ್ನು ಟಯರ್ ಬಾಗಿಲಲ್ಲೇ ವಾಪಸ್ ಕಳಿಸುತ್ತಿತ್ತು.

ಕೋಲಾರ: ಬೆಟ್ಟದ ಪರೀಕ್ಷೆ

ನರಸಾಪುರಕ್ಕೆ ಬಂದರೆ ಎರಡು ಕಡೆ ಕಾರ್ಖಾನೆಗಳು. ಹೋಂಡಾ ಇಲ್ಲಿ ಸ್ಕೂಟರ್ ತಯಾರಿಸಲು ಶುರುಮಾಡಿದ್ದು 2013ರಲ್ಲಿ. ಚಿನ್ನ ಮುಗಿದ ಜಿಲ್ಲೆ ಈಗ ಗಾಡಿ, ಮೊಬೈಲ್ ತಯಾರಿಸುತ್ತಿದೆ. ಅಲ್ಲಿಂದ ಹೆದ್ದಾರಿಯಲ್ಲಿ ಕೋಲಾರ ಹತ್ತಿರ. ಶತಶೃಂಗ ಬೆಟ್ಟದ ಬಂಡೆಗಳು ದೂರದಿಂದಲೇ ಕಾಣುತ್ತವೆ. ಅಂತರಗಂಗೆಗೆ ಮೆಟ್ಟಿಲು ಹತ್ತಿ, ಕಲ್ಲಿನ ಬಸವನ ಬಾಯಿಂದ ಬರುವ ನೀರನ್ನು ಮುಖಕ್ಕೆ ಹಾಕಿಕೊಂಡು ಬಂದೆವು. ಕೋತಿಗಳಿಂದ ಬಿಸ್ಕತ್ತು ಉಳಿಸಿಕೊಳ್ಳುವುದು ಬೇರೆ ಸಾಹಸ.

ಕೋಲಾರ ಇರುವುದು ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಟರ್ಬೊ ಇಲ್ಲದ ಎಂಜಿನ್ ಅಷ್ಟು ಶಕ್ತಿಯನ್ನು ಇಲ್ಲಿ ಕಳೆದುಕೊಂಡೇ ಓಡುತ್ತದೆ. ಟರ್ಬೊ ಇದ್ದರೆ ತಿದಿ ಸ್ವಲ್ಪ ಜಾಸ್ತಿ ತಿರುಗಿ ಆ ಕೊರತೆ ತುಂಬಿಕೊಡುತ್ತದೆ. ಟರ್ಬೊ ಬೆಳೆದದ್ದೇ ಈ ಕೆಲಸಕ್ಕೆ. ಎತ್ತರದಲ್ಲಿ ವಿಮಾನದ ಎಂಜಿನ್ ಸೊರಗುತ್ತದೆ ಅಂತ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ 1918ರಲ್ಲಿ 14 ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಎಂಜಿನ್ ಹೊತ್ತುಕೊಂಡು ಹೋಗಿ ಟರ್ಬೊ ಪರೀಕ್ಷೆ ಮಾಡಿದ. ಅಂದರೆ ಕಂಪನಿಯಿಂದ ಬಂದ ಸ್ಥಿತಿಯಲ್ಲೇ ನನ್ನ ಕಾರು ಬಯಲುಸೀಮೆಯ ಈ ಎತ್ತರಕ್ಕೆ ಒಂದು ಮಟ್ಟಿಗೆ ‘ಟ್ಯೂನ್’ ಆಗಿಯೇ ಇದೆ. ರಿಮ್ಯಾಪ್ ಮಾಡಿದಾಗ ಆ ಪುಟ್ಟ ಚಕ್ರಕ್ಕೆ ಎರಡು ಹೊರೆ: ಎತ್ತರದ ಕೊರತೆಯನ್ನೂ ತುಂಬಬೇಕು, ಮೇಲಿನ ಆಸೆಯನ್ನೂ ತೀರಿಸಬೇಕು.

ಬೆಟ್ಟದ ಮೇಲೆ ತೇರಹಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಏರಿದೆವು. ಏರುವಾಗ ಗೆಳೆಯನ ಕಾರು ಖುಷಿ ಕೊಟ್ಟಿತು, ಸುಳ್ಳು ಹೇಳಬಾರದು. ನಾನು ಎರಡನೇ ಗೇರಿಗೆ ಇಳಿಯಬೇಕಾದ ಕಡೆ ಅದು ಮೂರರಲ್ಲೇ ಸಲೀಸಾಗಿ ಏರುತ್ತಿತ್ತು. ಬೆನ್ನನ್ನು ಯಾರೋ ಸೀಟಿಗೆ ಒತ್ತಿ ಹಿಡಿದ ಹಾಗೆ. ಆದರೆ ಇಳಿಯುವಾಗ? ಎರಡೂ ಕಾರಿಗೆ ಒಂದೇ ಬ್ರೇಕು, ಮುಂದೆ ಡಿಸ್ಕ್, ಹಿಂದೆ ಡ್ರಮ್. ಒಂದು ಟನ್ನಿಗೂ ಮೀರಿದ ತೂಕ, ಜೊತೆಗೆ ಜನ. ಕೆಳಗೆ ಬಂದು ನಿಲ್ಲಿಸಿದಾಗ ಎರಡೂ ಕಾರಿನ ಚಕ್ರದಿಂದ ಒಂದೇ ಥರದ ಸುಟ್ಟ ವಾಸನೆ. ವೇಗ ಎರಡರಷ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕರಷ್ಟಾಗುತ್ತದೆ. ಪಿಯುಸಿಯ ಭೌತಶಾಸ್ತ್ರವೇ ಇದು. ಅಶ್ವಶಕ್ತಿ ಕೊಡುವ ಸಾಫ್ಟ್‌ವೇರ್ ಇದೆ, ಬ್ರೇಕ್ ಪ್ಯಾಡ್ ದಪ್ಪ ಮಾಡುವ ಸಾಫ್ಟ್‌ವೇರ್ ಇನ್ನೂ ಬಂದಿಲ್ಲ.

ಮುಳಬಾಗಿಲು: ಒಂದು ಸೆಕೆಂಡಿನ ಬೆಲೆ

ಕೋಲಾರ ಬಿಟ್ಟ ಮೇಲೆ ಹೆದ್ದಾರಿಯಲ್ಲಿ ಟೊಮೆಟೊ ಲಾರಿಗಳ ಸಾಲು. ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಕೋಲಾರದ ಎಪಿಎಂಸಿಯೂ ಒಂದು. ಹಣ್ಣು ಕೊಳೆಯುವುದರೊಳಗೆ ದೂರದ ರಾಜ್ಯ ಮುಟ್ಟಬೇಕು. ನಿಜವಾಗಿ ಹೊತ್ತಿಗೆ ಬೆಲೆ ಇರುವುದು ಈ ಲಾರಿಯವರಿಗೆ. ನಮಗಿರುವುದು ಬರೀ ಚಪಲ.

ಮೂಡಣ ಬಾಗಿಲು ಮುಳಬಾಗಿಲಾಯಿತು ಅಂತಾರೆ. ಡಿವಿಜಿ ಹುಟ್ಟಿದ ಊರು ಇದು, 1887ರಲ್ಲಿ. ಮುಳಬಾಗಿಲಿಗೆ ಹೋಗಿ ದೋಸೆ ತಿನ್ನದೆ ಬಂದರೆ ನಮ್ಮ ಕಡೆ ಕ್ಷಮಿಸುವುದಿಲ್ಲ; ಒಂದೊಂದು ತಿಂದು, ಸಾಲದು ಅಂತ ಇನ್ನೊಂದೊಂದು ತಿಂದೆವು. ಆಮೇಲೆ ಕುರುಡುಮಲೆಗೆ ಹೋದೆವು. ಹದಿಮೂರೂವರೆ ಅಡಿಯ ಏಕಶಿಲಾ ಗಣಪತಿ. ಯಾವುದೇ ಕೆಲಸ ಶುರುಮಾಡುವ ಮೊದಲು ಇಲ್ಲಿಗೆ ಬರುವುದು ರೂಢಿ. ಚುನಾವಣೆ ಬಂದರೆ ರಾಜಕಾರಣಿಗಳೂ ಪ್ರಚಾರ ಶುರುಮಾಡುವುದು ಇಲ್ಲಿಂದಲೇ. ಹೊರಗೆ ಯಾರದೋ ಹೊಸ ಕಾರಿನ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದರು. ‘ಸ್ಟೇಜ್ ಎರಡು ಮಾಡಿಸಿದ ಮೇಲೆ ನಾನೂ ಇಲ್ಲಿಗೇ ಬರ್ತೀನಿ, ಲ್ಯಾಪ್‌ಟಾಪಿಗೂ ಒಂದು ಹೂ ಇಟ್ಟರೆ ಆಯ್ತು’ ಅಂದ ಗೆಳೆಯ.

ಮುಳಬಾಗಿಲಿನಿಂದ ಶ್ರೀನಿವಾಸಪುರಕ್ಕೆ ಮೂವತ್ತು ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಹೆದ್ದಾರಿ ಬಿಟ್ಟರೆ ನಡುವೆ ಡಿವೈಡರ್ ಇಲ್ಲದ ರಸ್ತೆ. ಶಕ್ತಿಗೆ ನಿಜವಾದ ಉಪಯೋಗ ಸಿಕ್ಕಿದ್ದು ಇಲ್ಲಿ. ಮುಂದೆ ಲಾರಿ, ನಲವತ್ತರಲ್ಲಿ ಹೋಗುತ್ತಿದೆ. ಎದುರಿನ ಸಾಲಿಗೆ ದಾಟಿ ಅದನ್ನು ಹಿಂದೆ ಹಾಕಬೇಕು. ಮೂರನೇ ಗೇರಿನಲ್ಲಿ ನಲವತ್ತರಿಂದ ಎಂಬತ್ತಕ್ಕೆ ಏರಲು ಗೆಳೆಯನ ಕಾರು ನನ್ನ ಕಾರಿಗಿಂತ ಒಂದು ಸೆಕೆಂಡಿನಷ್ಟು ಕಡಿಮೆ ತೆಗೆದುಕೊಳ್ಳುತ್ತಿತ್ತು. ಒಂದು ಸೆಕೆಂಡ್ ಏನು ಮಹಾ ಅಂತೀರಾ? ಎದುರಿನಿಂದ ಬರುವ ಗಾಡಿ ಎಪ್ಪತ್ತರಲ್ಲಿದೆ, ನಾವೂ ಎಪ್ಪತ್ತರಲ್ಲಿದ್ದೇವೆ ಅಂದುಕೊಳ್ಳಿ. ಒಂದು ಸೆಕೆಂಡಿಗೆ ನಮ್ಮಿಬ್ಬರ ನಡುವಿನ ಅಂತರ ಸುಮಾರು 39 ಮೀಟರ್ ಕರಗುತ್ತದೆ. ಮೂರು ಬಸ್ಸುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ಜಾಗ. ಜೀವ ಉಳಿಸುವಷ್ಟು ಜಾಗವೇ ಅದು.

ಗೆಳೆಯ ಗೆದ್ದ ನಗೆ ನಕ್ಕ. ಈ ವಾದವನ್ನು ನಾನೂ ಒಪ್ಪುತ್ತೇನೆ. ಆದರೆ ಅದೇ ದಾರಿಯಲ್ಲಿ ಅವನನ್ನು ಹಿಂದಿನಿಂದ ಗಮನಿಸುತ್ತಾ ಹೋದಾಗ ಇನ್ನೊಂದು ವಿಷಯ ಕಂಡಿತು. ಸಿಕ್ಕ ಆ ಒಂದು ಸೆಕೆಂಡನ್ನು ಅವನು ಉಳಿತಾಯ ಮಾಡುತ್ತಿರಲಿಲ್ಲ, ಖರ್ಚು ಮಾಡುತ್ತಿದ್ದ. ನಾನು ಬೇಡ ಅಂತ ಬಿಟ್ಟ ಸಣ್ಣ ಸಂದಿಗಳಲ್ಲಿ ಅವನು ನುಗ್ಗುತ್ತಿದ್ದ. ಅವನ ಕಾರನ್ನು ನಾನು ತೆಗೆದುಕೊಂಡ ಅರ್ಧ ಗಂಟೆಯಲ್ಲಿ ನನ್ನ ಕಾಲೂ ಹಾಗೇ ಮಾಡಲು ತವಕಿಸುತ್ತಿತ್ತು. ಸಂಬಳ ಹೆಚ್ಚಾದ ತಿಂಗಳೇ ಖರ್ಚೂ ಹೆಚ್ಚಾಗುತ್ತದಲ್ಲ, ಹಾಗೆ. ಕೊನೆಗೆ ಎದುರಿನ ಗಾಡಿಗೂ ನಮಗೂ ಉಳಿಯುವ ಅಂತರ ಇಬ್ಬರದೂ ಒಂದೇ.

ಪೆಟ್ರೋಲಿನ ಮಾತೂ ಇಲ್ಲೇ ಬಂತು. ಮ್ಯಾಪನ್ನು ಯಾವ ಪೆಟ್ರೋಲಿಗೆ ಬರೆದಿರುತ್ತಾರೋ ಅದನ್ನೇ ಹಾಕಬೇಕು. ಗೆಳೆಯನ ಮ್ಯಾಪು ದುಬಾರಿ ಪ್ರೀಮಿಯಂ ಪೆಟ್ರೋಲಿಗೆ ಬರೆದದ್ದು. ಹೆದ್ದಾರಿಯ ಬಂಕಿನಲ್ಲಿ ಸಿಗುವ ಅದು ಒಳರಸ್ತೆಯಲ್ಲಿ ನಾವು ನಿಲ್ಲಿಸಿದ ಬಂಕಿನಲ್ಲಿ ಇರಲಿಲ್ಲ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೇರೆ. ಎಥನಾಲ್ ನಾಕಿಂಗ್ ತಡೆಯುತ್ತದೆ ನಿಜ, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಅದೇ ಕೆಲಸಕ್ಕೆ ಇಂಜೆಕ್ಟರ್ ಹೆಚ್ಚು ಸುರಿಯಬೇಕು. ಹಳೆಯ ಇಂಧನಕ್ಕೆ ಬರೆದ ಮ್ಯಾಪ್ ಇದ್ದವರು ಅದನ್ನು ಮತ್ತೆ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮೂಲ ಫೈಲಿನ ಪ್ರತಿಯನ್ನು ಕೈಯಲ್ಲಿ ಇಟ್ಟುಕೊಂಡಿರಲೇಬೇಕು. ವಾಪಸ್ ಬರುವ ದಾರಿ ಇಲ್ಲದೆ ಯಾವ ಸಾಫ್ಟ್‌ವೇರನ್ನೂ ಹಾಕಬಾರದು ಅನ್ನುವುದು ನಮ್ಮ ಕಸುಬಿನ ಮೊದಲ ಪಾಠ.

ಶ್ರೀನಿವಾಸಪುರ: ಬೆಳಕು ಎಷ್ಟು ದೂರ?

ಶ್ರೀನಿವಾಸಪುರ ಮುಟ್ಟಿದಾಗ ಸಂಜೆ. ಮಾವಿನ ಸುಗ್ಗಿಯಲ್ಲಿ ಈ ಊರು ನೋಡಬೇಕು. ಮಂಡಿಗಳ ಮುಂದೆ ಹಣ್ಣಿನ ಗುಡ್ಡೆ, ಒಣಹುಲ್ಲಿನ ವಾಸನೆ, ತೂಕದವರ ಕೂಗು. ಅರ್ಧ ಕನ್ನಡ, ಅರ್ಧ ತೆಲುಗು. ಬಾದಾಮಿ, ರಸಪುರಿ, ಮಲ್ಲಿಕಾ, ನೀಲಂ, ಮಲ್ಗೋವಾ. ಎಲ್ಲಕ್ಕಿಂತ ಜಾಸ್ತಿ ತೋತಾಪುರಿ. ತೋತಾಪುರಿ ಬಹುಪಾಲು ಹೋಗುವುದು ಗಡಿಯಾಚೆಯ ತಿರುಳು ತೆಗೆಯುವ ಕಾರ್ಖಾನೆಗಳಿಗೆ. 2025ರ ಜೂನ್‌ನಲ್ಲಿ ಚಿತ್ತೂರು ಜಿಲ್ಲೆ ಹೊರರಾಜ್ಯದ ತೋತಾಪುರಿಗೆ ತಡೆ ಹಾಕಿದಾಗ ಇಲ್ಲಿನ ಬೆಳೆಗಾರರು ಬೀದಿಗಿಳಿದು ಬಂದ್ ಮಾಡಿದ್ದರು. ರಸ್ತೆಯಲ್ಲಿ ಮೆಲ್ಲಗೆ ಹೋಗುವ ಪ್ರತಿ ಟ್ರ್ಯಾಕ್ಟರಿನಲ್ಲೂ ಒಂದು ಮನೆಯ ವರ್ಷದ ದುಡಿಮೆ ಇರುತ್ತದೆ. ಅದಕ್ಕೆ ಹಾರ್ನ್ ಹೊಡೆದು ಹೆದರಿಸಿ ಏನು ಸಿಗುತ್ತದೆ?

ಪೇಟೆ ದಾಟಿ ನಮ್ಮ ಹಳ್ಳಿಯ ದಾರಿ ಹಿಡಿದಾಗ ಕತ್ತಲು. ಎರಡೂ ಕಡೆ ಮಾವಿನ ತೋಪು, ರಸ್ತೆಯ ಮೇಲೆ ಕೊಂಬೆಗಳ ಚಪ್ಪರ. ಬೀದಿ ದೀಪ ಇಲ್ಲ. ಮುಂದೆ ಗೆಳೆಯ ಹೋಗುತ್ತಿದ್ದ, ಹಿಂದೆ ನಾನು. ಇದ್ದಕ್ಕಿದ್ದಂತೆ ಅವನ ಬ್ರೇಕ್ ದೀಪ ಕೆಂಪಗೆ ಹತ್ತಿಕೊಂಡಿತು. ಖಾಲಿ ಕ್ರೇಟುಗಳನ್ನು ತುಂಬಿದ ಟ್ರೇಲರ್ ಒಂದು ರಸ್ತೆಯ ಅಂಚಿನಲ್ಲಿ ನಿಂತಿತ್ತು. ಹಿಂದೆ ದೀಪ ಇಲ್ಲ, ಹೊಳೆಯುವ ಪಟ್ಟಿ ಇಲ್ಲ. ನಾವು ಐವತ್ತರ ಆಸುಪಾಸಿನಲ್ಲಿದ್ದೆವು, ನಿಂತೆವು. ಟ್ರ್ಯಾಕ್ಟರಿನವನು ನಗುತ್ತಾ, ‘ಪಂಚರ್ ಆಗೈತಣ್ಣಾ, ಹುಡುಗ ಸ್ಟೆಪ್ನಿ ತರಕ್ಕೆ ಹೋಗವ್ನೆ’ ಅಂದ.

ಆ ರಾತ್ರಿ ಮನೆಯ ಜಗುಲಿಯ ಮೇಲೆ ಕೂತು ಕಾಗದದಲ್ಲಿ ಲೆಕ್ಕ ಹಾಕಿದೆವು. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗಲು ಒಂದೂವರೆ ಸೆಕೆಂಡ್ ಅಂದುಕೊಳ್ಳೋಣ. ಒಳ್ಳೆ ಟಯರ್, ಒಣ ಟಾರು ರಸ್ತೆ. ಗಂಟೆಗೆ 60 ಕಿಲೋಮೀಟರಿನಲ್ಲಿದ್ದರೆ ಪೂರ್ತಿ ನಿಲ್ಲಲು ಸುಮಾರು 45 ಮೀಟರ್ ಬೇಕು. 80ರಲ್ಲಿ ಸುಮಾರು 70 ಮೀಟರ್. 100ರಲ್ಲಿ ಹತ್ತಿರ ಹತ್ತಿರ 100 ಮೀಟರ್. ಎದುರಿನವರ ಕಣ್ಣಿಗೆ ಹೊಡೆಯಬಾರದು ಅಂತ ಡಿಮ್ ಮಾಡಿದ ದೀಪದಲ್ಲಿ ದೀಪವಿಲ್ಲದ ವಸ್ತು ಸ್ಪಷ್ಟವಾಗಿ ಕಾಣುವುದು ಐವತ್ತು ಅರವತ್ತು ಮೀಟರ್ ದೂರಕ್ಕೆ. ಅಂದರೆ ಈ ರಸ್ತೆಯಲ್ಲಿ ರಾತ್ರಿ ಹೊತ್ತು ಅರವತ್ತು ದಾಟಿದ ಯಾವ ಕಾರೂ ತನ್ನ ಬೆಳಕಿನೊಳಗೆ ನಿಲ್ಲಲಾರದು. ಅದರ ಎಂಜಿನ್ನು 110 ಅಶ್ವಶಕ್ತಿಯದ್ದಾಗಲಿ, 140ರದ್ದಾಗಲಿ ಅಷ್ಟೇ.

ನಾವು ಲೆಕ್ಕ ಹಾಕುತ್ತಿದ್ದಾಗಲೇ ಅಪ್ಪ ತೋಪಿನಿಂದ ಬಂದರು. ಅವರ ಗಾಡಿ ಟಿವಿಎಸ್ ಎಕ್ಸ್‌ಎಲ್, ಹಿಂದೆ ಎರಡು ಕ್ರೇಟ್ ಕಟ್ಟಿದ್ದರು. ಕ್ರೇಟಿಗೆ ಹೊದಿಸಿದ ಗೋಣಿಚೀಲ ಹಿಂದಿನ ಕೆಂಪು ದೀಪವನ್ನು ಪೂರ್ತಿ ಮುಚ್ಚಿತ್ತು. ನಾವು ಈಗಷ್ಟೇ ಬಂದ ಅದೇ ರಸ್ತೆ. ಗೆಳೆಯ ಆ ಗೋಣಿಚೀಲವನ್ನೇ ನೋಡುತ್ತಾ ಕೂತಿದ್ದ. ಇಬ್ಬರೂ ಏನೂ ಹೇಳಲಿಲ್ಲ. ಅಪ್ಪ ಕಾಗದ ನೋಡಿ, ‘ಏನಪ್ಪಾ, ಮಾವಿನ ಲೆಕ್ಕನಾ?’ ಅಂತ ಕೇಳಿ ಕಾಲು ತೊಳೆಯಲು ಹೋದರು.

ಕಾನೂನು, ಮತ್ತೆ ಆ 60 ಸಾವಿರ

ಕಾರು ಟ್ಯೂನ್ ಮಾಡಿಸುವ ಆಸೆ ಇರುವವರು ಒಂದಿಷ್ಟು ತಿಳಿದಿರಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೊದಲು ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿಯೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿ ಇಲ್ಲದ ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ ಅಂತ ಸೇರಿತು. ಅಪಘಾತವಾದಾಗ ವಿಮೆಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ‘ಏನಾದರೂ ಬದಲಾವಣೆ ಮಾಡಿಸಿದ್ದೀರಾ’ ಅನ್ನುವುದೂ ಒಂದು. ಸ್ಟೇಜ್ ಎರಡರಲ್ಲಿ ಕೆಲವರು ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತುಹಾಕಿಸುತ್ತಾರೆ. ಹೊಗೆಯ ವಿಷ ಕಳೆಯುವ ಅಂಗ ಅದು. ಅದನ್ನು ಕಿತ್ತರೆ ನಮಗೆ ಬರುವ ನಾಲ್ಕು ಅಶ್ವಶಕ್ತಿಯ ಬೆಲೆಯನ್ನು ರಸ್ತೆ ಪಕ್ಕದಲ್ಲಿ ಹಣ್ಣು ಮಾರುವ ಹೆಂಗಸು ತನ್ನ ಶ್ವಾಸಕೋಶದಿಂದ ಕೊಡುತ್ತಾಳೆ.

ಹಾಗಂತ ವೇಗದ ಆಸೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ತೇರಹಳ್ಳಿ ಏರಿನಲ್ಲಿ ಆ ಕಾರು ಕೊಟ್ಟ ಖುಷಿ ನನಗೂ ಬೇಕು. ಅದಕ್ಕೆ ಜಾಗ ಬೇರೆ ಇದೆ. ಮುಳಬಾಗಿಲಿನ ಹಳೇ ಮದ್ರಾಸ್ ರಸ್ತೆಯನ್ನೇ ಹಿಡಿದು ನಂಗಲಿ, ಪಲಮನೇರು, ಚಿತ್ತೂರು ದಾಟಿ ಚೆನ್ನೈ ಕಡೆ ಹೋದರೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈಯಲ್ಲಿ 1990ರಿಂದ ರೇಸ್ ಟ್ರ್ಯಾಕ್ ಇದೆ. ಕೊಯಮತ್ತೂರಿನ ಬಳಿ ಕರಿ ಸ್ಪೀಡ್‌ವೇ ಇದೆ. ಅಲ್ಲಿ ಎದುರಿನಿಂದ ಯಾರೂ ಬರುವುದಿಲ್ಲ, ಪಂಚರಾದ ಟ್ರೇಲರ್ ನಿಂತಿರುವುದಿಲ್ಲ.

ನಾನು 60 ಸಾವಿರವನ್ನು ಹೀಗೆ ಹಂಚಿದೆ. ಮೊದಲು ನಾಲ್ಕು ಒಳ್ಳೆಯ ಟಯರ್. ದೊಡ್ಡ ಪಾಲು ಅದಕ್ಕೇ ಹೋಯಿತು. ಅಳತೆ ಕಂಪನಿಯದ್ದೇ, 195/55 ಆರ್16, ಹಿಡಿತ ಮಾತ್ರ ಮೇಲು. ಮುಂದಿನ ಬ್ರೇಕಿಗೆ ಹೊಸ ಪ್ಯಾಡ್, ಬ್ರೇಕ್ ಎಣ್ಣೆ ಪೂರ್ತಿ ಬದಲಾವಣೆ. ಈ ಎಣ್ಣೆ ಗಾಳಿಯ ತೇವ ಹೀರಿಕೊಂಡು ಬಿಸಿಗೆ ಬೇಗ ಕುದಿಯುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಹೊಸ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್, ವೀಲ್ ಅಲೈನ್‌ಮೆಂಟ್. ಮಸುಕಾಗಿದ್ದ ಹೆಡ್‌ಲ್ಯಾಂಪಿಗೆ ಪಾಲಿಶ್, ಅದರ ಕೋನ ಸರಿಪಡಿಸುವಿಕೆ. ಎಂಜಿನ್ ಮೊದಲಿನಂತೆಯೇ 110. ಆದರೆ ಮಾಲೂರಿನ ಕೆಮ್ಮಣ್ಣಿನಲ್ಲಿ ಈಗ ಹಳದಿ ದೀಪ ಮಿನುಗುವುದಿಲ್ಲ, ತೇರಹಳ್ಳಿ ಇಳಿದರೆ ವಾಸನೆ ಬರುವುದಿಲ್ಲ. ಕಾರು ಮೊದಲಿಗಿಂತ ಚುರುಕಾಗಿದೆ ಅಂತ ಹತ್ತಿಸಿಕೊಂಡವರೆಲ್ಲ ಹೇಳುತ್ತಾರೆ. ಹಿಡಿತ ಚೆನ್ನಾಗಿದ್ದರೆ ಹಾಗನ್ನಿಸುವುದು ಸಹಜ.

ಗೆಳೆಯ ತನ್ನ ಮ್ಯಾಪನ್ನು ತೆಗೆಸಿಲ್ಲ. ಸ್ಟೇಜ್ ಎರಡರ ದುಡ್ಡಿನಲ್ಲಿ ಟಯರ್ ಹಾಕಿಸಿದ್ದಾನೆ, ಉಳಿದದ್ದಕ್ಕೆ ಟ್ರ್ಯಾಕಿಗೆ ಹೋಗೋಣ ಅಂತಿದ್ದಾನೆ. ಅವನ ಜೊತೆಗೆ ವಾದ ಇನ್ನೂ ಮುಗಿದಿಲ್ಲ.

ಕೊನೆಗೆ ನನ್ನ ಬಳಿ ಕೆಲವು ನೂರು ರೂಪಾಯಿ ಮಿಕ್ಕಿತ್ತು. ಶ್ರೀನಿವಾಸಪುರದ ಆಟೊಮೊಬೈಲ್ ಅಂಗಡಿಯಲ್ಲಿ ಕೆಂಪು ಬಣ್ಣದ ಹೊಳೆಯುವ ಟೇಪಿನ ಒಂದು ಸುರುಳಿ ತಂದೆ. ಅಪ್ಪನ ಎಕ್ಸ್‌ಎಲ್‌ನ ಹಿಂದೆ, ಕ್ರೇಟುಗಳ ಹೊರಮೈಗೆ, ಪಕ್ಕದ ಮನೆಯವರ ಟ್ರೇಲರಿನ ಹಲಗೆಗೆ ಅಂಟಿಸಿದೆ. ‘ಇದೇನು ಶೋಕಿನಾ?’ ಅಂತ ಪಕ್ಕದ ಮನೆಯವರು ನಕ್ಕರು. ರಾತ್ರಿ ಕಾರಿನ ದೀಪ ಹಾಕಿ ತೋರಿಸಿದೆ. ಬೀದಿಯ ಆ ತುದಿಯಿಂದಲೇ ಕೆಂಪಗೆ ಹೊಳೆಯಿತು. ಮಾರನೇ ದಿನ ಇನ್ನಿಬ್ಬರು ಟ್ರ್ಯಾಕ್ಟರಿನವರು ಮನೆಗೆ ಬಂದು ಟೇಪ್ ಉಳಿದಿದೆಯಾ ಅಂತ ಕೇಳಿದರು. ಇನ್ನೂ ಎರಡು ಸುರುಳಿ ತರಿಸಿದ್ದೇನೆ.